ಮರ್ಯಾದೆಗೆ ತಕ್ಕ ಉಡುಪು: ಬೆಂಗಳೂರಿನ ಕ್ರೈಸ್ತ ಗೃಹಿಣಿಗೂ ತಾಯಿಗೂ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಸಭೆಗಳಲ್ಲಿ ಹೆಂಗಸರ ಉಡುಪಿನ ಮಾತು ಬಂದಾಗಲೆಲ್ಲ ಅದು ಒಂದು ಪಟ್ಟಿಯಾಗಿ ಮುಗಿಯುತ್ತದೆ. ಸೀರೆ ಸರಿ, ಚೂಡಿದಾರ್ ಪರವಾಗಿಲ್ಲ, ಜೀನ್ಸ್ ಬೇಡ. ಪಟ್ಟಿ ಸುಲಭ, ಆದರೆ ಅದರಲ್ಲಿ ಮೊದಲ ಸ್ಥಾನ ಪಡೆದ ಸೀರೆಯೇ ಮಗುವನ್ನು ಎತ್ತಿಕೊಳ್ಳಲು ಬಾಗಿದ ಕ್ಷಣದಲ್ಲಿ ಮಾನ ಕಾಯದೆ ಹೋಗುವುದನ್ನೂ, ಅನುಮಾನದ ಸಾಲಿನಲ್ಲಿ ನಿಂತ ಉದ್ದ ಕುರ್ತಿ ಮತ್ತು ಪ್ಯಾಂಟು ನೂಕುನುಗ್ಗಲಿನ ಬಸ್ಸಿನಲ್ಲಿ ನಿಶ್ಚಿಂತೆಯಿಂದ ನಿಲ್ಲಲು ಬಿಡುವುದನ್ನೂ ಈ ಊರಿನ ಯಾವ ತಾಯಿಯಾದರೂ ಅನುಭವಿಸಿರುತ್ತಾಳೆ. ಹದಿನೆಂಟು ವರ್ಷಗಳ ಸಂಸಾರ ಮತ್ತು ಇಬ್ಬರು ಮಕ್ಕಳ ನಂತರ ನಾನು ಉಡುಪನ್ನು ಅದರ ಹೆಸರು ನೋಡಿ ಆರಿಸುವುದನ್ನು ಬಿಟ್ಟಿದ್ದೇನೆ. ಬಾಗುವಾಗ, ಎತ್ತುವಾಗ, ಮೊಣಕಾಲೂರುವಾಗ, ಹಾಲೂಡಿಸುವಾಗ ಅದು ಹೇಗಿರುತ್ತದೆ ಎಂದು ನೋಡಿ ಆರಿಸುತ್ತೇನೆ. ಕೆಳಗಿನ ಹೆಜ್ಜೆಗಳು ಆ ಅಭ್ಯಾಸದಿಂದ ಬಂದವು.

ಮೊದಲನೆಯ ಹೆಜ್ಜೆ: ವಾಕ್ಯವನ್ನು ಪೂರ್ತಿಯಾಗಿ ಓದಿಕೊಳ್ಳಿ

ಈ ವಿಷಯದಲ್ಲಿ ಎಲ್ಲರೂ ಎತ್ತುವ ವಚನ 1 ತಿಮೊಥೆಯನಿಗೆ 2:9-10. ಅದನ್ನು ನಿಧಾನವಾಗಿ ಓದಿದರೆ ಅಲ್ಲಿ ಪೌಲನು ಹೆಸರಿಟ್ಟು ಬೇಡವೆನ್ನುವುದು ಹೆಣೆದ ಜಡೆ, ಚಿನ್ನ, ಮುತ್ತು ಮತ್ತು ದುಬಾರಿ ಬಟ್ಟೆ ಎಂಬುದು ಕಾಣುತ್ತದೆ. ಕುತ್ತಿಗೆಯ ಆಳದ ಬಗ್ಗೆ, ತೋಳಿನ ಉದ್ದದ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಮೂಲದ ಗ್ರೀಕ್ ಭಾಷೆಯಲ್ಲಿ ಉಡುಪಿಗೆ ವಿಶೇಷಣವಾಗಿ ಬಂದಿರುವ ಕೊಸ್ಮಿಯೊಸ್ ಎಂಬ ಪದಕ್ಕೆ ಒಪ್ಪ, ಓರಣ, ಕ್ರಮಬದ್ಧತೆ ಎಂಬ ಅರ್ಥಗಳಿವೆ. 1 ಪೇತ್ರ 3:3-4 ಕೂಡ ಜಡೆ, ಚಿನ್ನ, ವಸ್ತ್ರಗಳ ಹೊರ ಅಲಂಕಾರದ ಎದುರಿಗೆ ಶಾಂತವಾದ ಒಳಮನಸ್ಸನ್ನು ಇಡುತ್ತದೆ. ಹಾಗಾದರೆ ಕತ್ತಿನಿಂದ ಹಿಮ್ಮಡಿಯವರೆಗೆ ಮೈ ಮುಚ್ಚಿದ, ಆದರೆ ಪಕ್ಕದ ಬೆಂಚಿನ ಸಹೋದರಿಗೆ ತನ್ನ ಬಡತನವನ್ನು ನೆನಪಿಸುವಷ್ಟು ಜರಿ ತುಂಬಿದ ಸೀರೆ ಈ ವಚನದ ಮುಂದೆ ನಿಲ್ಲುವುದೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ನಾವು ರವಿಕೆಯ ಮೇಲೆ ಪ್ರಯೋಗಿಸುವ ವಚನ ಮೊದಲು ನಮ್ಮ ಒಡವೆ ಪೆಟ್ಟಿಗೆಗೆ ಬರೆದದ್ದು.

ಇದರರ್ಥ ಮೈ ಮುಚ್ಚುವುದು ಮುಖ್ಯವಲ್ಲ ಎಂದಲ್ಲ. ಆದಿಕಾಂಡ 3:21ರಲ್ಲಿ ದೇವರೇ ಆದಾಮನಿಗೂ ಅವನ ಹೆಂಡತಿಗೂ ಚರ್ಮದ ಅಂಗಿಗಳನ್ನು ಮಾಡಿ ತೊಡಿಸಿದನು; ಆ ವಚನದಲ್ಲಿ ಕಾಣುವುದು ಆರೈಕೆ. ನಮ್ಮ ದಕ್ಷಿಣ ಭಾರತದ ಕ್ರೈಸ್ತ ಚರಿತ್ರೆಯಲ್ಲೂ ಇದಕ್ಕೊಂದು ಸಾಕ್ಷಿಯಿದೆ. ತಿರುವಾಂಕೂರು ಸಂಸ್ಥಾನದ ದಕ್ಷಿಣ ಭಾಗದ ಚಾನ್ನಾರ್ ಜಾತಿಯ ಹೆಂಗಸರು, ಅವರಲ್ಲಿ ಅನೇಕರು ಹೊಸದಾಗಿ ಕ್ರೈಸ್ತರಾದವರು, ಎದೆಯ ಮೇಲೆ ಬಟ್ಟೆ ಹೊದೆಯುವ ಹಕ್ಕಿಗಾಗಿ ದಶಕಗಟ್ಟಲೆ ಮೇಲ್ಜಾತಿಯವರಿಂದ ಹೊಡೆತ ತಿಂದು, ಕೊನೆಗೆ 1859ರ ರಾಜಾಜ್ಞೆಯಿಂದ ಅದನ್ನು ಪಡೆದರು. ಮೇಲ್ವಸ್ತ್ರವೆಂದರೆ ಅವರಿಗೆ ಮರ್ಯಾದೆಯಾಗಿತ್ತು; ಅದನ್ನು ಯಾರೂ ಅವರ ಮೇಲೆ ಹೇರಿರಲಿಲ್ಲ. ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಹೇಳಿ, ಬೈಗುಳಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಸ್ತ್ರೀಸಹಜ ಉಡುಪಿನ ಪ್ರಶ್ನೆ ಬಂದಾಗ ಧರ್ಮೋಪದೇಶಕಾಂಡ 22:5ನ್ನು ತೋರಿಸುತ್ತಾರೆ: ಹೆಂಗಸು ಗಂಡಸಿನ ಉಡುಪನ್ನೂ ಗಂಡಸು ಹೆಂಗಸಿನ ಉಡುಪನ್ನೂ ಧರಿಸಬಾರದು. ಆದರೆ ಯಾವುದು ಹೆಂಗಸಿನ ಉಡುಪು ಎಂಬುದನ್ನು ನಿರ್ಧರಿಸುವುದು ನಾವು ಬಾಳುವ ಊರು. ನಾನು ಚಿಕ್ಕವಳಿದ್ದಾಗ ಮದುವೆಯಾದ ಹೆಂಗಸು ಚೂಡಿದಾರ್ ಹಾಕಿಕೊಂಡು ಆರಾಧನೆಗೆ ಬಂದರೆ ಹಿರಿಯರು ಮುಖ ತಿರುಗಿಸುತ್ತಿದ್ದರು. ಈಗ ಅದೇ ಹಿರಿಯರ ಸೊಸೆಯಂದಿರು ಅದನ್ನೇ ಉಟ್ಟು ವಾಚನ ಓದುತ್ತಾರೆ. ಸಲ್ವಾರ್ ಕೂಡ ಎರಡು ಕಾಲಿನ ಪ್ಯಾಂಟೇ, ಆದರೂ ಬೆಂಗಳೂರಿನಲ್ಲಿ ಅದನ್ನು ಗಂಡಸಿನ ಉಡುಪೆಂದು ಯಾರೂ ತಿಳಿಯುವುದಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಮಾತೆಯ ಪ್ರತಿಮೆಗೇ ಸೀರೆ ಉಡಿಸುತ್ತಾರೆ. ನಜರೇತಿನ ಮರಿಯಳು ಸೀರೆ ಕಂಡವಳಲ್ಲ, ಆದರೆ ಇಲ್ಲಿನ ಭಕ್ತರಿಗೆ ತಾಯಿ ಎಂದರೆ ಸೀರೆಯುಟ್ಟವಳು. ಜ್ಞಾನೋಕ್ತಿಗಳು 31ರ ಗುಣವತಿಯಂತೂ ಉಣ್ಣೆಯನ್ನೂ ಸೆಣಬನ್ನೂ ಹುಡುಕಿ ತರುತ್ತಾಳೆ, ನಾರುಮಡಿಗಳನ್ನು ಮಾಡಿ ಮಾರುತ್ತಾಳೆ, ಸ್ವತಃ ನಯವಾದ ನಾರುಮಡಿಯನ್ನೂ ಧೂಮ್ರವರ್ಣದ ವಸ್ತ್ರವನ್ನೂ ಉಡುತ್ತಾಳೆ. ಆಕೆಗೆ ಬಟ್ಟೆಯ ಜ್ಞಾನವಿತ್ತು. ನಮಗೆ ಬೇಕಾದದ್ದೂ ಅದೇ.

ಎರಡನೆಯ ಹೆಜ್ಜೆ: ಒಂದು ವಾರದ ಕೆಲಸಗಳನ್ನು ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ಸೋಮವಾರದಿಂದ ಭಾನುವಾರದವರೆಗಿನ ನಿಮ್ಮ ಓಡಾಟವನ್ನು ಬರೆಯಿರಿ: ಶಾಲೆಯ ಬಸ್ಸಿಗೆ ಮಗುವನ್ನು ಬಿಡುವುದು, ಕಚೇರಿ, ತರಕಾರಿ ಮಾರುಕಟ್ಟೆ, ಯಜಮಾನರ ಸ್ಕೂಟರಿನ ಹಿಂದಿನ ಸೀಟು, ಮನೆಯ ನೆಲ ಒರೆಸುವುದು, ಬುಧವಾರದ ಪ್ರಾರ್ಥನಾ ಕೂಟದಲ್ಲಿ ಚಾಪೆಯ ಮೇಲೆ ಕೂರುವುದು, ಭಾನುವಾರದ ಆರಾಧನೆ. ಪ್ರತಿಯೊಂದರ ಎದುರಿಗೆ ವಾರಕ್ಕೆ ಎಷ್ಟು ಹೊತ್ತು ಎಂದು ಗುರುತು ಹಾಕಿ. ನಾನು ಇದನ್ನು ಮೊದಲ ಸಲ ಮಾಡಿದಾಗ ವಾರದ ಬಹುಪಾಲು ಹೊತ್ತು ಮನೆಯಲ್ಲೂ ರಸ್ತೆಯಲ್ಲೂ ಕಳೆಯುತ್ತಿದ್ದೇನೆಂದೂ, ಬಟ್ಟೆಯ ದುಡ್ಡಿನ ಬಹುಪಾಲು ಮಾತ್ರ ಮದುವೆಮನೆಗಳಿಗೆ ಹೋಗುತ್ತಿದೆಯೆಂದೂ ತಿಳಿದು ನಗು ಬಂತು. ಬೀರುವಿನಲ್ಲಿ ಹನ್ನೊಂದು ರೇಷ್ಮೆ ಸೀರೆಗಳು, ಗೇಟಿನವರೆಗೆ ಹೋಗಿ ಹಾಲು ತರಲು ಸರಿಯಾದ ಒಂದೂ ಉಡುಪಿಲ್ಲ.

ಮೂರನೆಯ ಹೆಜ್ಜೆ: ಇರುವ ಬಟ್ಟೆಗಳನ್ನೆಲ್ಲ ಐದು ಭಂಗಿಗಳಲ್ಲಿ ಪರೀಕ್ಷಿಸಿ

ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಯಾವ ಉಡುಪಾದರೂ ಗೌರವವಾಗಿಯೇ ಕಾಣುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ತೊಟ್ಟು, ಮನೆಯಲ್ಲಿ ಅಕ್ಕನೋ ಅತ್ತೆಯೋ ಇದ್ದರೆ ಅವರನ್ನು ಎದುರಿಗೆ ಕೂರಿಸಿಕೊಂಡು, ಐದು ಕೆಲಸಗಳನ್ನು ಮಾಡಿ ನೋಡಿ. ನೆಲದ ಮೇಲಿನ ಆಟಿಕೆಯನ್ನು ಎತ್ತಲು ಮುಂದಕ್ಕೆ ಬಾಗಿ. ಕುತ್ತಿಗೆ ಜೋತು ಬೀಳುತ್ತದೆಯೇ? ಬಸ್ಸಿನ ಕಂಬಿ ಹಿಡಿದವರಂತೆ ಒಂದು ಕೈಯನ್ನು ತಲೆಯ ಮೇಲೆ ಚಾಚಿ. ರವಿಕೆ ಮೇಲಕ್ಕೇರುತ್ತದೆಯೇ, ಕಂಕುಳ ಕಾಣುತ್ತದೆಯೇ? ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದೇಳಿ. ಎರಡು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳಿ, ಮಗು ಇಲ್ಲದಿದ್ದರೆ ಹತ್ತು ಕಿಲೋ ಅಕ್ಕಿ ಚೀಲ ಸಾಕು. ಕೊನೆಗೆ ಬೆಳಗಿನ ಬಿಸಿಲು ಬರುವ ಬಾಗಿಲಿಗೆ ಬೆನ್ನು ಮಾಡಿ ಕಾಲುಗಳನ್ನು ಸ್ವಲ್ಪ ಅಗಲಿಸಿ ನಿಲ್ಲಿ.

ಈ ಐದನೆಯದನ್ನು ನಾನು ಕಲಿತದ್ದು ಅವಮಾನದಿಂದ. ಹತ್ತು ವರ್ಷಗಳ ಹಿಂದೆ ತೆಳು ಮಲ್ ಕಾಟನ್ನಿನ ಉದ್ದ ಕುರ್ತಿ ತೊಟ್ಟು, ಕುತ್ತಿಗೆ ಮುಚ್ಚಿದೆ, ತೋಳು ಮುಚ್ಚಿದೆ ಎಂಬ ನೆಮ್ಮದಿಯಲ್ಲಿ ದೇವಾಲಯದ ಬಾಗಿಲಲ್ಲಿ ಜನರನ್ನು ಬರಮಾಡಿಕೊಳ್ಳುತ್ತ ನಿಂತಿದ್ದೆ. ಹಿರಿಯ ಹೆಂಗಸೊಬ್ಬರು ಬಂದವರೇ ತಮ್ಮ ಶಾಲನ್ನು ನನ್ನ ಸೊಂಟಕ್ಕೆ ಸುತ್ತಿ, ಏನೂ ಹೇಳದೆ ಒಳಗೆ ಹೋಗಿ ಕುಳಿತರು. ಬಿಸಿಲು ನನ್ನ ಹಿಂದಿನಿಂದ ಬರುತ್ತಿತ್ತೆಂಬುದು ಆಮೇಲೆ ಹೊಳೆಯಿತು.

ಪರೀಕ್ಷೆ ಮುಗಿದ ಮೇಲೆ ಮೂರು ಗುಂಪು ಮಾಡಿ. ಹಾಗೆಯೇ ಉಡಬಹುದಾದವು, ಟೇಲರ್ ಕೈಗೆ ಹೋಗಿ ಸರಿಯಾಗಬಹುದಾದವು, ಯಾವ ರಿಪೇರಿಗೂ ಬಗ್ಗದವು. ಎರಡನೆಯ ಗುಂಪು ನೀವೆಣಿಸಿದ್ದಕ್ಕಿಂತ ದೊಡ್ಡದಿರುತ್ತದೆ, ಹೊಸ ಬಟ್ಟೆಯ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಬಟ್ಟೆಯ ಗುಣವನ್ನು ತಿಳಿಯಿರಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಮೊಣಕೈ ದಾಟುವ ತೋಳನ್ನು ವರ್ಷದ ಬಹುಕಾಲ ಕಷ್ಟವಿಲ್ಲದೆ ತೊಡಬಹುದು. ಕರಾವಳಿಯಿಂದ ಬಂದ ನಮ್ಮ ಸಂಬಂಧಿಕರಿಗೆ ಅದೊಂದು ಭಾಗ್ಯವೆಂದೇ ಕಾಣುತ್ತದೆ. ಮಾರ್ಚ್ ಕೊನೆಯಿಂದ ಮೇ ವರೆಗೆ ಮಾತ್ರ ಹತ್ತಿಯಲ್ಲದೆ ಬೇರೆ ಯೋಚನೆ ಬೇಡ. ಮಳೆಗಾಲದ ಎಚ್ಚರಿಕೆ ಬೇರೆ ರೀತಿಯದು: ಸಂಜೆ ಹಠಾತ್ತನೆ ಸುರಿಯುವ ಮಳೆಯಲ್ಲಿ ರೇಯಾನ್, ಶಿಫಾನ್ ಮತ್ತು ಬಿಳಿ ಹತ್ತಿ ಮೈಗೆ ಅಂಟಿ ಇದ್ದೂ ಇಲ್ಲದಂತಾಗುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಢ ಬಣ್ಣ, ಸಣ್ಣ ಹೂವಿನ ಅಚ್ಚು, ಚೀಲದಲ್ಲೊಂದು ಮಡಿಸಿದ ಶಾಲು, ಇಷ್ಟಿದ್ದರೆ ಸಾಕು.

ಅಂಗಡಿಯಲ್ಲಿ ಬಟ್ಟೆಯ ಒಂದೇ ಪದರದ ಅಡಿಗೆ ಕೈಯಿಟ್ಟು ಬೆರಳುಗಳ ಸಂದು ಕಾಣುತ್ತದೆಯೇ ನೋಡಿ. ಟ್ಯೂಬ್‌ಲೈಟಿನ ಕೆಳಗೆ ನಂಬಬೇಡಿ, ಬಾಗಿಲವರೆಗೆ ತಂದು ನೋಡುತ್ತೇನೆಂದು ಹೇಳಿ. ಚಿಕ್ಕಪೇಟೆಯ ಯಾವ ವ್ಯಾಪಾರಿಯೂ ಇದಕ್ಕೆ ಬೇಸರಿಸುವುದಿಲ್ಲ. ಕಾಣುತ್ತದೆಂದಾದರೆ ಲೈನಿಂಗ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಹತ್ತಿಯನ್ನೂ ಲೈನಿಂಗ್ ಬಟ್ಟೆಯನ್ನೂ ಹೊಲಿಗೆಗೆ ಕೊಡುವ ಮೊದಲು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ ಹೊರಗಿನದನ್ನು ಎಳೆದು, ಸಡಿಲವಾಗಿದ್ದ ರವಿಕೆ ಬಿಗಿಯಾಗುತ್ತದೆ.

ಐದನೆಯ ಹೆಜ್ಜೆ: ಸೀರೆಯನ್ನು ಕೆಲಸಕ್ಕೆ ಒಗ್ಗಿಸಿ

ಸೀರೆಯ ಸಾಮಾನ್ಯ ಉದ್ದ ಸುಮಾರು 5.5 ಮೀಟರ್, ರವಿಕೆ ಬಟ್ಟೆ ಸೇರಿದರೆ ಸುಮಾರು 6.3 ಮೀಟರ್. ಹೆರಿಗೆಯ ನಂತರ ಸೊಂಟ ಅಗಲವಾದವರಿಗೆ ಅದಕ್ಕಿಂತ ಗಿಡ್ಡ ಸೀರೆಯಲ್ಲಿ ನೆರಿಗೆಯೋ ಸೆರಗೋ ಒಂದು ಕಡಿಮೆಯಾಗಿಯೇ ತೀರುತ್ತದೆ, ಆದ್ದರಿಂದ ಅಗ್ಗದ ಸೀರೆ ಕೊಳ್ಳುವಾಗ ಅಳತೆ ಹಾಕಿಸಿ. ದಿನಬಳಕೆಗೆ ನಾನು ಇಳಕಲ್ ಹತ್ತಿ ಸೀರೆಯನ್ನು ಎಲ್ಲಕ್ಕಿಂತ ಮೇಲಿಡುತ್ತೇನೆ. ಅದು ಜಾರುವುದಿಲ್ಲ, ಬೆಳಕಿಗೆ ಪಾರದರ್ಶಕವಾಗುವುದಿಲ್ಲ, ತೋಪು ತೆನೆ ವಿನ್ಯಾಸದ ಸೆರಗಿನಲ್ಲಿ ಹಬ್ಬದ ಕಳೆಯೂ ಇದೆ. ರಾಜ್ಯದ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ಇಂಥವು ಸಿಗುತ್ತವೆ. ಮೈಸೂರು ರೇಷ್ಮೆಯ ಕ್ರೇಪ್ ಸುಂದರ, ಆದರೆ ಅದು ಮೈಯ ಆಕಾರವನ್ನು ಹಿಡಿದು ಇಳಿಯುತ್ತದೆ, ಕಂಕುಳಲ್ಲಿ ಮಗುವಿದ್ದರೆ ಸೆರಗೂ ಜಾರುತ್ತದೆ. ಮಕ್ಕಳು ದೊಡ್ಡವರಾಗುವವರೆಗೆ ಅದು ಬೀರುವಿನಲ್ಲೇ ಇರಲಿ.

ಒಳಲಂಗದ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಸೀರೆಯ ಮರ್ಯಾದೆಯ ಅರ್ಧ ಭಾಗ ಅದರಲ್ಲೇ ಇದೆ. ಹತ್ತಿ ಪಾಪ್ಲಿನ್‌ನದು ಸೀರೆಯನ್ನು ಹಿಡಿದುಕೊಳ್ಳುತ್ತದೆ, ಸ್ಯಾಟಿನ್‌ನದು ನೆರಿಗೆಯ ಭಾರಕ್ಕೆ ಸೀರೆಯನ್ನು ಕೆಳಗೆ ಬಿಡುತ್ತದೆ. ಈಚೆಗೆ ಫಿಶ್ ಕಟ್ ಎಂದು ಮಾರುವ ಬಿಗಿ ಒಳಲಂಗಗಳು ತೊಡೆಯ ರೇಖೆಯನ್ನು ಎತ್ತಿ ತೋರಿಸುವುದಲ್ಲದೆ ಮೆಟ್ಟಿಲು ಹತ್ತಲೂ ಬಿಡುವುದಿಲ್ಲ. ಛಾಯಾಚಿತ್ರಕ್ಕೆ ಚೆಂದ, ಬಸ್ಸಿಗೆ ಅಲ್ಲ. ಒಳಲಂಗವನ್ನು ಹೊಕ್ಕುಳ ಮುಚ್ಚುವಂತೆ ಕಟ್ಟಿ, ಚಪ್ಪಲಿ ಮೆಟ್ಟಿಯೇ ನೆರಿಗೆ ಹಿಡಿಯಿರಿ. ಸೆರಗಿಗೆ ಒಂದೇ ಪಿನ್ನು ಸಾಲದು. ಭುಜದ ಮೇಲಿನದು ಸೆರಗನ್ನು ಜಾರದಂತೆ ತಡೆಯುತ್ತದೆ. ಬಲ ಪಕ್ಕೆಯ ಬಳಿ ಸೆರಗಿನ ಮೇಲಂಚನ್ನು ರವಿಕೆಯ ಕೆಳಪಟ್ಟಿಗೆ ಸೇರಿಸುವ ಎರಡನೆಯ ಪಿನ್ನು ಬಾಗಿದಾಗ ಎದೆಯ ಮುಂದಿನ ಬಟ್ಟೆ ಕೆಳಗೆ ಜೋಲದಂತೆ ಕಾಯುತ್ತದೆ. ಮಗುವನ್ನು ಎತ್ತಿಕೊಳ್ಳುವವರು ಭುಜದ ಪಿನ್ನನ್ನು ಒಳಗಿನಿಂದ ಹಾಕಿ, ಮಗುವಿನ ಕೆನ್ನೆಗೆ ತಾಗಬಾರದು.

ಆರನೆಯ ಹೆಜ್ಜೆ: ಟೇಲರ್‌ಗೆ ಅಳತೆಯಲ್ಲಿ ಮಾತಾಡಿ

ನಮ್ಮ ಊರಿನ ಹೆಂಗಸರ ಉಡುಪಿನ ಮರ್ಯಾದೆಯನ್ನು ಯಾರು ಕಾಯುತ್ತಾರೆಂದು ಕೇಳಿದರೆ ನಾನು ಸಭಾಪಾಲಕರಿಗಿಂತ ಮೊದಲು ಬ್ಲೌಸ್ ಹೊಲಿಯುವವರ ಹೆಸರು ಹೇಳುತ್ತೇನೆ. ಅವರ ಮುಂದೆ ಹೋಗಿ ಡೀಸೆಂಟಾಗಿ ಹೊಲಿಯಿರಿ ಎಂದರೆ ಏನೂ ಹೇಳಿದಂತಾಗುವುದಿಲ್ಲ, ಏಕೆಂದರೆ ಅವರ ಕಣ್ಣಿಗೆ ತಾವು ಹೊಲಿದದ್ದೆಲ್ಲ ಡೀಸೆಂಟೇ. ಇಂಚಿನಲ್ಲಿ ಹೇಳಬೇಕು.

ಮೊದಲನೆಯ ತೊಂದರೆ ಅಳತೆ ಬ್ಲೌಸ್. ಮದುವೆಯ ಕಾಲದ್ದನ್ನೇ ಕೊಟ್ಟು ಇದರಂತೆ ಹೊಲಿಯಿರಿ ಎಂದರೆ ಹಳೆಯ ಮೈಯ ತಪ್ಪುಗಳೆಲ್ಲ ಹೊಸ ಬಟ್ಟೆಗೆ ಬರುತ್ತವೆ. ಹೆರಿಗೆಯಾದ ಮೇಲೆ, ಹಾಲು ಬಿಡಿಸಿದ ಮೇಲೆ, ಎರಡು ಸಲವೂ ಹೊಸದಾಗಿ ಮೈ ಅಳತೆ ಕೊಡಿ. ಮುಂದಿನ ಕುತ್ತಿಗೆಯ ಆಳ ಎಷ್ಟಿರಬೇಕೆಂಬುದು ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆಯಾದರೂ, ಭುಜದಿಂದ ಐದೂವರೆ ಇಂಚಿನ ಸುತ್ತ ಆರಂಭಿಸಿ, ಟೇಪ್ ಹಿಡಿದುಕೊಂಡೇ ಬಾಗಿ ನೋಡಿ ನಿರ್ಧರಿಸಬಹುದು. ಬೋಟ್ ನೆಕ್ ಮುಂದೆ ಎತ್ತರವಾಗಿರುತ್ತದೆಂದು ನಂಬಿ ಹೊಲಿಸುವವರಿದ್ದಾರೆ. ಅದು ಅಗಲವಾದ್ದರಿಂದ ಮಗು ಭುಜ ಎಳೆದ ಕೂಡಲೇ ಒಳಗಿನ ಪಟ್ಟಿ ಹೊರಗೆ ಕಾಣುತ್ತದೆ. ಬೆನ್ನಿನ ಆಳವನ್ನು ನಾವು ನೋಡಿಕೊಳ್ಳಲಾರೆವು, ಆದರೆ ದೇವಾಲಯದಲ್ಲಿ ಹಿಂದಿನ ಬೆಂಚಿನವರು ಒಂದೂವರೆ ಗಂಟೆ ಅದನ್ನೇ ನೋಡುತ್ತಾರೆ. ಅದಕ್ಕೂ ಆರೇಳು ಇಂಚು ಸಾಕು.

ಇನ್ನು ತೋಳಿನ ಬುಡದ ಸುತ್ತಳತೆ, ಟೇಲರುಗಳ ಮಾತಿನಲ್ಲಿ ಆರ್ಮ್‌ಹೋಲ್. ಇದನ್ನು ಸಡಿಲವಾಗಿ ಕೆಳಕ್ಕೆ ಇಳಿಸಿದರೆ ಆರಾಮ ಎಂದು ಎಲ್ಲರೂ ತಿಳಿಯುತ್ತಾರೆ, ಆಗುವುದು ತದ್ವಿರುದ್ಧ. ಆರ್ಮ್‌ಹೋಲ್ ಕೆಳಗಿದ್ದರೆ ಕೈ ಎತ್ತಿದಾಗ ತೋಳಿನ ಜೊತೆಗೆ ಇಡೀ ರವಿಕೆಯೇ ಮೇಲಕ್ಕೆ ಬರುತ್ತದೆ. ಕಂಕುಳಿಗೆ ಹತ್ತಿರ ಕತ್ತರಿಸಿದ್ದರೆ ತೋಳು ಮಾತ್ರ ಏಳುತ್ತದೆ, ಮೈ ಇದ್ದಲ್ಲೇ ಇರುತ್ತದೆ. ಬಸ್ಸಿನ ಕಂಬಿ ಹಿಡಿಯುವವರಿಗೆ, ಅಟ್ಟದಿಂದ ಡಬ್ಬಿ ಇಳಿಸುವವರಿಗೆ ಇದಕ್ಕಿಂತ ಉಪಯೋಗದ ಮಾತು ಬೇರೊಂದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಬಸ್ ಪ್ರಯಾಣ ನಮಗೆ ಉಚಿತವಾದ ಮೇಲೆ ನಾನಂತೂ ಕುಳಿತು ಹೋದದ್ದಕ್ಕಿಂತ ನಿಂತು ಹೋದದ್ದೇ ಹೆಚ್ಚು, ಹಾಗಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಉಳಿದ ಸೂಚನೆಗಳು ಚಿಕ್ಕವು. ರವಿಕೆಯ ಉದ್ದ ಈಗಿರುವುದಕ್ಕಿಂತ ಒಂದು ಇಂಚು ಹೆಚ್ಚಿರಲಿ. ಹುಕ್ಕುಗಳ ನಡುವೆ ಬಾಯಿ ಬಿಡುವ ರವಿಕೆಗೆ ಇನ್ನೊಂದು ಹುಕ್ಕು ಸೇರಿಸಿ, ಹುಕ್ ಪಟ್ಟಿಯನ್ನು ಅಗಲ ಮಾಡಿಸಿ. ಪಕ್ಕದ ಹೊಲಿಗೆಯ ಒಳಗೆ ಎರಡೂ ಕಡೆ ಒಂದೂವರೆ ಇಂಚು ಮಾರ್ಜಿನ್ ಬಿಡಿಸಿ, ಮೈ ತುಂಬಿದಾಗ ಬಿಚ್ಚಿಕೊಳ್ಳಬಹುದು. ಟೂ ಬೈ ಟೂ ಎಂದು ಮಾರುವ ರವಿಕೆ ಬಟ್ಟೆಗೆ ಲೈನಿಂಗ್ ಬೇಡವೆನ್ನುತ್ತಾರೆ, ತಿಳಿ ಬಣ್ಣವಾದರೆ ಹಾಕಿಸಿಯೇ ಬಿಡಿ. ಕಮರ್ಷಿಯಲ್ ಸ್ಟ್ರೀಟ್ ಬಳಿಯ ಇಬ್ರಾಹಿಂ ಸಾಹೇಬ್ ಬೀದಿಯಲ್ಲಿ ಎರಡನ್ನೂ ಒಟ್ಟಿಗೆ ಹೊಂದಿಸಿಕೊಳ್ಳಬಹುದು.

ಏಳನೆಯ ಹೆಜ್ಜೆ: ಚೂಡಿದಾರ್, ಕುರ್ತಿ ಮತ್ತು ಸ್ಕೂಟರು

ಸಿದ್ಧ ಉಡುಪಿನ ಕುರ್ತಿಗಳಲ್ಲಿ ಕೆಡುವುದು ಪಕ್ಕದ ಸೀಳು. ಅದು ಸೊಂಟದ ಎಲುಬಿನ ಬಳಿಯೇ ಆರಂಭವಾದರೆ ಕುಳಿತಾಗಲೂ ಗಾಳಿಯಲ್ಲೂ ಮೇಲಿನ ಬಟ್ಟೆ ಇದ್ದು ಪ್ರಯೋಜನವಿಲ್ಲ. ಮೂರು ನಾಲ್ಕು ಇಂಚು ಕೆಳಗಿನವರೆಗೆ ಮುಚ್ಚಿ ಹೊಲಿಸುವುದು ಹತ್ತು ನಿಮಿಷದ ಕೆಲಸ. 44 ಇಂಚಿನ ಸುತ್ತಲಿನ ಉದ್ದ ಸಾಧಾರಣ ಎತ್ತರದವರಿಗೆ ಮೊಣಕಾಲು ದಾಟುತ್ತದೆ. ಲೆಗ್ಗಿಂಗ್ಸ್ ಬಗ್ಗೆ ನನ್ನ ನಿಲುವು ಸ್ವಲ್ಪ ಹಳೆಯದು: ಅದು ಕಾಲುಚೀಲದ ಜಾತಿ, ಪ್ಯಾಂಟಿನದಲ್ಲ. ಉದ್ದವಾದ, ಸೀಳು ಕಡಿಮೆಯಿರುವ ಮೇಲುಡುಪಿನ ಕೆಳಗೆ ಇರಲಿ, ಗಿಡ್ಡ ಕುರ್ತಿಗೆ ನೇರ ಕಟ್ಟಿನ ಹತ್ತಿ ಪ್ಯಾಂಟು ಇಲ್ಲವೇ ಪಟಿಯಾಲ ಒಳ್ಳೆಯದು. ವೇಲು ಎರಡೂ ಭುಜಕ್ಕೆ ಪಿನ್ನು ಮಾಡಿದ್ದರೆ ಮಾತ್ರ ವೇಲು, ಕುತ್ತಿಗೆಗೆ ಸುತ್ತಿಕೊಂಡರೆ ಅದು ಮಫ್ಲರ್.

ಸ್ಕೂಟರಿನಲ್ಲಿ ಕೂರುವವರಿಗೆ ಮರ್ಯಾದೆಯ ಜೊತೆ ಜೀವದ ಪ್ರಶ್ನೆಯೂ ಇದೆ. ಹಿಂದೆ ಕುಳಿತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ಚೆಂದಕ್ಕಾಗಿ ಅದನ್ನು ಕಳಚಿ ಹಾಕಿದ ಗಾಡಿಯನ್ನು ಹತ್ತಬೇಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವೇಲನ್ನು ಅಡ್ಡಲಾಗಿ ಹಾಕಿ ಪಕ್ಕದಲ್ಲಿ ಗಂಟು ಹಾಕಿದ ಮೇಲೆಯೇ ಕೂರಿ.

ಎಂಟನೆಯ ಹೆಜ್ಜೆ: ಬಸಿರು, ಬಾಣಂತನ, ಹಾಲೂಡಿಸುವ ದಿನಗಳು

ಈ ಅವಧಿಯಲ್ಲಿ ದುಬಾರಿ ಬಟ್ಟೆಯನ್ನು ಹೊಲಿಸಲೇಬೇಡಿ. ಎದೆಯ ಕೆಳಗೆ ನೆರಿಗೆ ಹಿಡಿದ ಹತ್ತಿಯ ನಾಲ್ಕು ಉಡುಪುಗಳು ಬಸಿರಿಗೂ ಬಾಣಂತನಕ್ಕೂ ಆಗುತ್ತವೆ, ಹೊಲಿಸುವಾಗ ಎದೆಯ ಎರಡು ಪಕ್ಕದ ಹೊಲಿಗೆಯಲ್ಲಿ ಮರೆಯಾದ ಜಿಪ್ ಇಡಿಸಿದರೆ ಸಾಕು. ಸೀರೆಯುಡುವವರಿಗೆ ಹುಕ್ಕು ಮುಂದಿರುವ ರವಿಕೆಯೇ ಬೇಕು. ಬೆನ್ನಿಗೆ ಹುಕ್ಕಿರುವ ಹೊಸ ಮಾದರಿಗಳನ್ನು ಎರಡು ವರ್ಷ ಮರೆತುಬಿಡಿ. ಸೆರಗಿನ ಮರೆಯಲ್ಲಿ ಹಾಲು ಕುಡಿಸುವುದನ್ನು ನಮ್ಮ ಅಜ್ಜಿಯಂದಿರು ಆರಾಧನೆಯ ನಡುವೆಯೇ ಮಾಡುತ್ತಿದ್ದರು, ಯಾರಿಗೂ ಅದು ಅಸಭ್ಯವೆನಿಸಿರಲಿಲ್ಲ. ಹಸಿದ ಕೂಸನ್ನು ಪ್ರಸಂಗ ಮುಗಿಯುವವರೆಗೆ ಅಳಿಸುವುದರಲ್ಲಿ ಯಾವ ಭಕ್ತಿಯೂ ಇಲ್ಲ.

ಒಂಬತ್ತನೆಯ ಹೆಜ್ಜೆ: ಮನೆಯೊಳಗಿನ ಉಡುಪು

ಬೆಂಗಳೂರಿನ ಬೀದಿಗಳ ರಾಷ್ಟ್ರೀಯ ಉಡುಪು ಯಾವುದೆಂದರೆ ನೈಟಿ ಮತ್ತು ಅದರ ಮೇಲೊಂದು ಟವೆಲು. ನಗಬೇಡಿ, ಆ ಟವೆಲಿನಲ್ಲಿ ಮರ್ಯಾದೆಯ ಪ್ರಜ್ಞೆಯಿದೆ, ಉಡುಪಿನ ಆಯ್ಕೆಯಲ್ಲಿ ಮಾತ್ರ ಕೊರತೆ. ಗ್ಯಾಸ್ ತರುವವರು, ಪಾರ್ಸೆಲ್ ಕೊಡುವವರು, ಪಕ್ಕದ ಮನೆಯ ಹುಡುಗರು ಬಂದು ಹೋಗುವ ಮನೆಯಲ್ಲಿ ದಿನವಿಡೀ ಮೈ ಮುದುಡಿಕೊಂಡು ಬಾಗಿಲು ತೆರೆಯುವುದಕ್ಕಿಂತ, ದಪ್ಪ ಅಚ್ಚುಹತ್ತಿಯ, ಮೊಣಕೈವರೆಗೆ ತೋಳಿರುವ ಸಡಿಲ ಕುರ್ತಿ-ಪ್ಯಾಂಟು ಮೂರು ಜೊತೆ ಹೊಲಿಸಿಕೊಳ್ಳಿ. ನೈಟಿಯೇ ಬೇಕೆಂದರೆ ಅದು ಮಲಗುವ ಕೋಣೆಗಿರಲಿ, ಬಾಗಿಲ ಹಿಂದಿನ ಮೊಳೆಗೆ ಒಂದು ದೊಡ್ಡ ವೇಲು ತೂಗುಹಾಕಿರಲಿ. ಗಂಡನ ಕಣ್ಣಿಗೆ ಚೆಂದ ಕಾಣಬೇಕೆಂಬ ಆಸೆ ಕ್ರೈಸ್ತ ಹೆಂಡತಿಗೆ ನಿಷಿದ್ಧವಲ್ಲ. ಪರಮಗೀತೆಯೂ ಬೈಬಲಿನೊಳಗೇ ಇದೆ. ಎಣ್ಣೆ ಕಲೆಯ ಹರಕು ಬಟ್ಟೆಯಲ್ಲಿ ಅವರಿಗೆ ಊಟ ಬಡಿಸಿ, ಒಳ್ಳೆಯದನ್ನೆಲ್ಲ ಊರಿಗೆ ತೋರಿಸುವ ನಮ್ಮ ರೂಢಿ ತಲೆಕೆಳಗಾದದ್ದು.

ಹತ್ತನೆಯ ಹೆಜ್ಜೆ: ದೇವಾಲಯಕ್ಕೆ

ಒಂದೇ ಊರಿನಲ್ಲಿ ಸಭೆಯಿಂದ ಸಭೆಗೆ ರೂಢಿ ಬೇರೆ. ಪೆಂತೆಕೊಸ್ತ್ ಮತ್ತು ಬ್ರದರನ್ ಸಭೆಗಳಲ್ಲಿ ತಲೆಯ ಮೇಲೆ ಸೆರಗು ಬರುತ್ತದೆ, ಎಷ್ಟೋ ಕಡೆ ಬಿಳಿ ಸೀರೆ, ಒಡವೆಯಿಲ್ಲ. ಹಡ್ಸನ್ ದೇವಾಲಯದಂಥ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕನ್ನಡ ಸಭೆಯಲ್ಲಿ ರೇಷ್ಮೆ ಸೀರೆಯೂ ಮಲ್ಲಿಗೆಯೂ ಸಹಜ. ಕಥೋಲಿಕರಲ್ಲಿ 1917ರ ಧರ್ಮಸಭಾ ಕಾನೂನು ಸಂಹಿತೆ ಹೆಂಗಸರು ತಲೆ ಮುಚ್ಚಬೇಕೆಂದಿತ್ತು, 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ಆದರೂ ಹಿರಿಯರಲ್ಲಿ ಹಲವರು ಬಲಿಪೂಜೆಯಲ್ಲಿ ಸೆರಗು ಹೊದೆಯುತ್ತಾರೆ. ಬೇರೆ ಸಭೆಗೆ ಅತಿಥಿಯಾಗಿ ಹೋದಾಗ ಅಲ್ಲಿಯ ರೂಢಿಯನ್ನು ಪಾಲಿಸಿ, ತಲೆ ಮುಚ್ಚುವ ಬಗೆಗಿನ 1 ಕೊರಿಂಥದವರಿಗೆ 11ನೆಯ ಅಧ್ಯಾಯದ ಚರ್ಚೆಯನ್ನು ಮನೆಗೆ ಬಂದು ಮಾಡಿ. ಎಲ್ಲೆಡೆಗೂ ಅನ್ವಯಿಸುವ ಪರೀಕ್ಷೆ ಒಂದೇ: ಪ್ರಭುಭೋಜನಕ್ಕೆ ಮೊಣಕಾಲೂರಿ ಮುಂದೆ ಬಾಗಿದಾಗ ಉಡುಪು ಸರಿಪಡಿಸಿಕೊಳ್ಳಲು ಕೈ ಹೋಗಬಾರದು.

ಆಡಂಬರದ ವಿಷಯದಲ್ಲಿ ನನ್ನ ದೂರು ಸ್ತ್ರೀಯರ ಕೂಟದ ಸಮವಸ್ತ್ರ ಸೀರೆಯದು. ಹಿಂದೊಮ್ಮೆ ನಾನಿದ್ದ ಕೂಟದಲ್ಲಿ ವಾರ್ಷಿಕೋತ್ಸವಕ್ಕೆ ಎಲ್ಲರೂ ಒಂದೇ ರೇಷ್ಮೆ ಸೀರೆ ಕೊಳ್ಳಬೇಕೆಂದು ತೀರ್ಮಾನವಾಯಿತು, ಮನೆಗೆಲಸ ಮಾಡಿ ಬದುಕುವ ಇಬ್ಬರು ಸಹೋದರಿಯರು ಅಂದಿನಿಂದ ಎರಡು ತಿಂಗಳು ಕೂಟಕ್ಕೆ ಬರಲಿಲ್ಲ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ ಕೊಡುವ ಸಭೆಯನ್ನು ಗದರಿಸುತ್ತದೆ. ಒಂದೇ ಬಣ್ಣ ಸಾಕು ಎಂದಿದ್ದರೆ ಅವರ ಪೆಟ್ಟಿಗೆಯಲ್ಲೂ ನೀಲಿ ಸೀರೆಯೊಂದು ಇದ್ದೇ ಇರುತ್ತಿತ್ತು.

ಹನ್ನೊಂದನೆಯ ಹೆಜ್ಜೆ: ಮನೆಯವರ ಜೊತೆ ಮಾತು

ಯಜಮಾನರನ್ನು ಕೇಳಿ, ಬೆಳಕಿನಲ್ಲಿ ಹಿಂದಿನಿಂದ ಹೇಗೆ ಕಾಣುತ್ತದೆಂದು ಅವರು ಹೇಳಬಲ್ಲರು. ಆದರೆ ದಿನವೂ ತಪಾಸಣೆ ಮಾಡುವ ಕೆಲಸವನ್ನು ಅವರಿಗೆ ವಹಿಸಬೇಡಿ. ಅತ್ತೆಯವರು ಸೀರೆಯೇ ಆಗಬೇಕೆಂದರೆ ವಾದಕ್ಕಿಳಿಯದೆ, ಅವರೆದುರು ಚೂಡಿದಾರ್ ತೊಟ್ಟು ಐದು ಭಂಗಿಗಳನ್ನು ಮಾಡಿ ತೋರಿಸಿ. ನನ್ನ ಅತ್ತೆಯವರು ಮೂರನೆಯದಕ್ಕೇ ನಕ್ಕು, ಸಾಕು ಬಿಡಮ್ಮ, ನನಗೂ ಒಂದು ಹೊಲಿಸು ಎಂದರು. ಮಗಳಿಗೆ ಅದೇ ಪರೀಕ್ಷೆಯನ್ನು ಆಟದಂತೆ ಕಲಿಸಿ, ಜನ ಏನೆನ್ನುತ್ತಾರೆ ಎಂಬ ಮಾತನ್ನು ಅದರ ಜೊತೆ ಸೇರಿಸಬೇಡಿ. ಮಗನನ್ನು ಬಿಡಬೇಡಿ. ಮತ್ತಾಯ 5:28ರಲ್ಲಿ ಕರ್ತನು ತಪ್ಪು ಹೊರಿಸಿದ್ದು ನೋಡುವ ಕಣ್ಣಿನ ಮೇಲೆ, ನೋಡಿಸಿಕೊಂಡವಳ ಬಟ್ಟೆಯ ಮೇಲಲ್ಲ. ಅದನ್ನು ಅವನು ತನ್ನ ತಾಯಿಯ ಬಾಯಿಂದಲೇ ಕೇಳಲಿ.

ಹನ್ನೆರಡನೆಯ ಹೆಜ್ಜೆ: ಕಾಲ ನೋಡಿ ಹೊಲಿಸಿ

ಅವಸರದಲ್ಲಿ ಹೊಲಿದ ರವಿಕೆಯಲ್ಲೇ ಕುತ್ತಿಗೆ ಕೆಡುತ್ತದೆ. ದೀಪಾವಳಿಯ ರಾಶಿ ಇಳಿದು ಕ್ರಿಸ್ಮಸ್ಸಿನದು ಏರುವ ನಡುವಿನ ಒಂದೆರಡು ವಾರ ಟೇಲರ್ ಕೈ ಸ್ವಲ್ಪ ಖಾಲಿಯಿರುತ್ತದೆ. ನವೆಂಬರ್ ಮಧ್ಯದೊಳಗೆ ನೆನೆಸಿ ಇಸ್ತ್ರಿ ಮಾಡಿದ ಬಟ್ಟೆಯನ್ನು ಕೊಡಿ, ಕುತ್ತಿಗೆ, ಬೆನ್ನು, ಉದ್ದ, ಮಾರ್ಜಿನ್ ನಾಲ್ಕನ್ನೂ ರಸೀದಿಯ ಹಿಂದೆ ಬರೆಸಿ, ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಡಿಸೆಂಬರ್ ಮೊದಲ ವಾರದಲ್ಲಿ ಹೋಗಿ ಅಂಗಡಿಯ ಪರದೆಯ ಹಿಂದೆಯೇ ತೊಟ್ಟು, ಕೈ ಎತ್ತಿ, ಬಾಗಿ ನೋಡಿ, ಸರಿಯಿಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಇಪ್ಪತ್ತನೆಯ ತಾರೀಖಿನ ನಂತರ ಟೇಲರ್ ನಿಮ್ಮ ಫೋನು ಎತ್ತುವುದಿಲ್ಲ.